ಶಾಲು ಹೊದ್ದ ಮಾನಿಟರ್

ಪುರಸಭೆಯ ಮುಖ್ಯಾಧಿಕಾರಿ ರಾಜಶೇಖರಯ್ಯನವರ ಕಂಪ್ಯೂಟರ್ ಮಾನಿಟರ್ ಬೆಳಗಿನ ಹೊತ್ತು ಆನ್ ಆಗುತ್ತಲೇ ಇರಲಿಲ್ಲ. ಗುಮಾಸ್ತ ತಿಪ್ಪೇಸ್ವಾಮಿ ನೋಡಿ, "ಪವರ್ ಸಪ್ಲೈಯಲ್ಲಿ ಕೆಪಾಸಿಟರ್ ಉಬ್ಬಿರಬೇಕು ಸಾರ್. ಬಿಸಿಯಾಗದೆ ಏಳಲ್ಲ. ಬಿಚ್ಚಿ ಬದಲಾಯಿಸಿದರೆ ಸರಿಹೋಗುತ್ತೆ" ಎಂದ.

"ಸರ್ಕಾರಿ ಆಸ್ತಿ ಬಿಚ್ಚಿದರೆ ಸಸ್ಪೆಂಡ್ ಮಾಡಿಸ್ತೀನಿ. ಆದರೆ ನಾಳೆ ಜಿಲ್ಲಾಧಿಕಾರಿ ಬರುವಾಗ ಅದು ಆನ್ ಆಗಿರಬೇಕು."

ಮರುದಿನ ಮಾನಿಟರ್ ಆನ್ ಆಗಿತ್ತು. ಸಾಹೇಬರ ಸನ್ಮಾನದ ಶಾಲು ಹೊದ್ದು, ಬೆನ್ನಿಗೆ ಬಿಸಿನೀರಿನ ಚೀಲ ಕಟ್ಟಿಸಿಕೊಂಡು ಕೂತಿತ್ತು.

"ಇದೇನ್ರೀ ವೇಷ?" ಎಂದರು ಜಿಲ್ಲಾಧಿಕಾರಿ.

"ಚಳಿ ಮೇಡಂ," ಎಂದ ತಿಪ್ಪೇಸ್ವಾಮಿ. "ಆಪರೇಷನ್‌ಗೆ ಸಾಹೇಬರು ಒಪ್ಪಲಿಲ್ಲ. ಅದಕ್ಕೆ ಮನೆಮದ್ದು."

ಜಿಲ್ಲಾಧಿಕಾರಿ ನಗದೆ ಮುಖ್ಯಾಧಿಕಾರಿಯತ್ತ ತಿರುಗಿದರು. "ರೋಗೀನ ಇಷ್ಟೊಂದು ಕಾಯಿಸಬಾರದು ಕಣ್ರೀ."

ರಾಜಶೇಖರಯ್ಯನವರು ತಿಪ್ಪೇಸ್ವಾಮಿಗೆ ಕೈ ಬೀಸಿದರು. "ಬಿಚ್ಚಯ್ಯ, ಬೇಗ ಬಿಚ್ಚು."

"ಶಾಲನ್ನೋ, ಮಾನಿಟರನ್ನೋ ಸಾರ್?"

"ಎರಡನ್ನೂ."