ಏರದ ರಕ್ತದೊತ್ತಡ

"ಮೇಡಂ, ರೋಗಿ ಗುಣವಾದರೆ ಎಲ್ಲರೂ ಕೈಮುಗಿಯುವುದು ಸರ್ಜನ್‌ಗೆ. ಅರಿವಳಿಕೆ ಕೊಡುವ ನಾವು ಯಾವುದಕ್ಕೆ ಹೆಮ್ಮೆಪಡಬೇಕು?"

ಹೀಗೆ ಕೇಳಿದವಳು ಅರಿವಳಿಕೆ ಶಾಸ್ತ್ರ ಓದುತ್ತಿದ್ದ ಶಿವಲೀಲಾ. ಅವಳ ಗುರು ಡಾಕ್ಟರ್ ನಾಗವೇಣಿ ಒಂದು ಕತೆ ಹೇಳಿದರು.

ರೊಟ್ಟಿ ಬಡಿದು ಮಾರಿ ಮನೆ ನಡೆಸುವ ಒಬ್ಬ ಹೆಂಗಸಿದ್ದಳು. ಅವಳ ಮಿದುಳಿನ ಒಂದು ರಕ್ತನಾಳ ಉಬ್ಬಿಕೊಂಡು ತೆಳ್ಳಗಾಗಿತ್ತು. ಒಮ್ಮೆ ಸ್ವಲ್ಪ ಸೋರಿ ನಿಂತಿತ್ತು. ಮತ್ತೆ ಒಡೆದರೆ ಅವಳು ಉಳಿಯುವುದು ಕಷ್ಟ. ಶಸ್ತ್ರಚಿಕಿತ್ಸೆಗೆ ಕರೆತಂದರು. ಅರಿವಳಿಕೆ ಕೊಡಬೇಕಾದವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ವೈದ್ಯೆ.

ಹೆಂಗಸು ಅವಳ ಕೈ ಹಿಡಿದು ಕೇಳಿದಳು: "ನಾ ಮತ್ತ ಎಚ್ಚರ ಆಗ್ತೀನೇನವಾ?"

"ಆಗ್ತೀರಿ, ಅಕ್ಕಾ."

ಹೆಂಗಸು ನಿದ್ದೆಹೋದಳು. ಇನ್ನು ಗಂಟಲಿನೊಳಗೆ ಉಸಿರಿನ ಕೊಳವೆ ಇಳಿಸಬೇಕು. ಮನಸ್ಸು ಮಲಗಿದ್ದರೂ ಅಲ್ಲಿ ಮುಟ್ಟಿದರೆ ದೇಹ ಬೆದರುತ್ತದೆ. ರಕ್ತದೊತ್ತಡ ಥಟ್ಟನೆ ಏರುತ್ತದೆ. ಆ ಏರಿಕೆಯನ್ನು ಇವಳ ನಾಳ ತಾಳುವಂತಿರಲಿಲ್ಲ. ಹಾಗೆಂದು ಒತ್ತಡವನ್ನು ಬಹಳ ಇಳಿಸಿದರೆ ಮಿದುಳಿಗೆ ರಕ್ತ ಸಾಲದು.

ವೈದ್ಯೆ ಔಷಧಿಗಳನ್ನು ಅಳೆದು ಕೊಟ್ಟಳು. ನಿದ್ದೆಯನ್ನು ಇನ್ನಷ್ಟು ಆಳವಾಗಿಸಿದಳು. ಮಾಸ್ಕ್ ಹಿಡಿದು ಉಸಿರು ಕೊಡುತ್ತ ಕಾದಳು.

"ಇನ್ನೂ ಏಕೆ ತಡ? ಕೊಳವೆ ಹಾಕಮ್ಮಾ" ಎಂದರು ಹಿರಿಯ ಸರ್ಜನ್.

"ಔಷಧಿ ಪೂರ್ತಿ ಹಿಡಿಯಲಿ ಸರ್. ಅಲ್ಲಿಯವರೆಗೆ ಹಾಕುವುದಿಲ್ಲ."

ಅವರಿಗೆ ಎದುರು ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ವೈದ್ಯೆ ಅವಸರಪಡಲಿಲ್ಲ. ಸಮಯವಾಯಿತೆಂದು ಖಚಿತವಾದ ಮೇಲೆ ಹಗುರವಾಗಿ, ಒಂದೇ ಸಲಕ್ಕೆ ಕೊಳವೆ ಇಳಿಸಿದಳು. ಪರದೆಯ ಮೇಲಿನ ರಕ್ತದೊತ್ತಡ ಇದ್ದಲ್ಲೇ ಇತ್ತು. ಸರ್ಜನ್ ಪರದೆಯನ್ನು ನೋಡಿದರು, ಅವಳನ್ನು ನೋಡಿದರು. ತಮ್ಮ ಕೆಲಸ ಶುರುಮಾಡಿದರು.

ಸಂಜೆ ಹೆಂಗಸು ಕಣ್ಣು ಬಿಟ್ಟಳು. ಮನೆಯಲ್ಲಿ ಒಲೆ ಹೊತ್ತಿಸಿದರೋ ಇಲ್ಲವೋ ಎಂದು ವಿಚಾರಿಸಿದಳು. ಗುಣವಾಗಿ ಊರಿಗೆ ಹೊರಟ ದಿನ ಸರ್ಜನ್ನರ ಕಾಲಿಗೆ ನಮಸ್ಕರಿಸಿದಳು. ಪಕ್ಕದಲ್ಲೇ ನಿಂತಿದ್ದ ವೈದ್ಯೆಯ ಗುರುತು ಅವಳಿಗೆ ಹತ್ತಲಿಲ್ಲ. ಹೆಂಗಸು ಗೇಟು ದಾಟುವವರೆಗೂ ವೈದ್ಯೆ ನೋಡುತ್ತ ನಿಂತಳು. ಆ ದಿನ ಆ ವೈದ್ಯೆಯಷ್ಟು ತಲೆಯೆತ್ತಿ ನಡೆದವರು ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿವಲೀಲಾ ಇನ್ನೂ ಏನೋ ಇದೆಯೆಂದು ಕಾದಳು.

"ಇಷ್ಟೇನಾ ಮೇಡಂ? ಕೊಳವೆ ಹಾಕುವಾಗ ಏನೂ ಆಗಲೇ ಇಲ್ಲವಲ್ಲ."

ನಾಗವೇಣಿ ಹೇಳಿದರು: "ಆಗಲು ನಾನು ಬಿಡಲಿಲ್ಲ."