ಸೆರಗಿನ ಗಂಟಿನ ಗುಳಿಗೆ

"ಸರ್, ರೋಗಿಯೇ ಸುಳ್ಳು ಹೇಳಿದರೆ ವೈದ್ಯ ಏನು ಮಾಡಬೇಕು?" ಎಂದು ಅಮರೇಶ ಕೇಳಿದ.

ಬೆಳಗಿನಿಂದ ರೋಗಿಗಳನ್ನು ನೋಡಿ ನೋಡಿ ಆ ಕಿರಿಯ ವೈದ್ಯನಿಗೆ ಸಾಕುಸಾಕಾಗಿತ್ತು. ನೋವಿನ ಗುಳಿಗೆ ಬರೆಯುವ ಮುನ್ನ, ಬೇರೆ ಗುಳಿಗೆ ಏನಾದರೂ ಉಂಟೇ ಎಂದು ಎಲ್ಲರನ್ನೂ ಕೇಳಿದ್ದ. ಇಲ್ಲವೇ ಇಲ್ಲ ಎಂದ ಮುದುಕನೊಬ್ಬನ ಜೇಬಿನಿಂದ ಅದೇ ಗುಳಿಗೆಯ ಪಟ್ಟಿ ಜಾರಿ ಬಿತ್ತು. ಅಮರೇಶನಿಗೆ ಪಿತ್ತ ನೆತ್ತಿಗೇರಿತು. ಮುದುಕನಿಗೆ ಬಾಯಿಗೆ ಬಂದಂತೆ ಅಂದುಬಿಟ್ಟಿದ್ದ. ಈಗ ಅವನಿಗೆ ಯಾರ ಮುಖ ನೋಡುವುದೂ ಬೇಡವಾಗಿತ್ತು.

ಅವನಿಗೆ ವಿದ್ಯೆ ಕಲಿಸಿದ ಹಿರಿಯ ವೈದ್ಯ ಗುರುಪಾದಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರೂ ದಣಿದಿದ್ದರು.

"ಕುಂದ್ರು ತಮ್ಮಾ," ಎಂದು ಹೇಳತೊಡಗಿದರು.

ಒಬ್ಬ ನೇಕಾರ ಹೆಂಗಸಿಗೆ ಮೊಣಕಾಲು ಬಾತಿತ್ತು. ಒಬ್ಬ ವೈದ್ಯ ಬಾವು ಇಳಿಸುವ ನೋವಿನ ಗುಳಿಗೆ ಕೊಟ್ಟ. ಕಾಲು ಹಗುರಾಯಿತು. ಅಷ್ಟರಲ್ಲಿ ಹೆಗಲು ಹಿಡಿದುಕೊಂಡಿತು. ಮಗ್ಗ ನಿಂತರೆ ಒಲೆ ಉರಿಯುವುದಿಲ್ಲ, ಪಾಪ, ಇನ್ನೇನು ಮಾಡಿಯಾಳು? ಇನ್ನೊಬ್ಬ ವೈದ್ಯನಲ್ಲಿಗೆ ಹೋದಳು. ಒಳಗೆ ಕಾಲಿಡುವ ಮುನ್ನ ಮೊದಲಿನ ಗುಳಿಗೆಗಳನ್ನು ಸೆರಗಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ವೈದ್ಯನ ಬಾಗಿಲಲ್ಲಿ ಕಾದು ಕೂತವರೆಲ್ಲ ಹಾಗೇ ಮಾಡುತ್ತಿದ್ದರು.

"ಬ್ಯಾರೆ ಏನರ ಗುಳಿಗಿ ತಗೋತಿ ಏನವಾ?" ಎಂದು ವೈದ್ಯ ಕೇಳಿದ.

"ಇಲ್ರೀ ಸಾಹೇಬ್ರ," ಎಂದಳು.

ಅವನು ಬರೆದುಕೊಟ್ಟ. ಪಟ್ಟಿಯ ಬಣ್ಣ ಬೇರೆ, ಒಳಗಿನ ಮದ್ದು ಅದೇ. ಅವಳು ಎರಡನ್ನೂ ಊಟವಾದ ಮೇಲೆ ತಪ್ಪದೆ ನುಂಗಿದಳು. ನೋವು ಹೋಯಿತು, ಮಗ್ಗ ಓಡಿತು. ಮೂರನೆಯ ವಾರ ಮಲ ಡಾಂಬರಿನಂತೆ ಕಪ್ಪಗಾಯಿತು. ಅದನ್ನು ಯಾರಿಗೆ ಹೇಳುವುದು? ನಾಚಿಕೆಗೆ ಸುಮ್ಮನಾದಳು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು, ಹುಣ್ಣಿನ ನೋವನ್ನೂ ಗುಳಿಗೆಯೇ ಅಡಗಿಸಿತ್ತು. ಒಂದು ಮಧ್ಯಾಹ್ನ ಮಗ್ಗದ ಮೇಲೆಯೇ ಕುಸಿದಳು. ಗಾಡಿ ಸಿಕ್ಕಿ ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಅಮರೇಶ ತಡೆಯಲಾರದೆ ಕೇಳಿದ: "ಆ ವೈದ್ಯನದು ಏನು ತಪ್ಪು ಸರ್? ಅವನು ಕೇಳಿದ್ದನಲ್ಲ! ಅವಳು ನಿಜ ಹೇಳಿದ್ದರೆ ಉಳಿಯುತ್ತಿದ್ದಳು."

ಗುರುಪಾದಯ್ಯನವರು ನಿಟ್ಟುಸಿರು ಬಿಟ್ಟರು.

"ಅದರ ಹಿಂದಿನ ವರ್ಷ ಆಕಿ ಖರೇನ ಹೇಳಿದ್ಲು ತಮ್ಮಾ, ಅದೇ ವೈದ್ಯ ಮಂದಿ ಮುಂದ ಬೈದು ಕಳಿಸಿದ್ದ."