ಕೊಡೆ ಕೂಗಿ ಕರೆದ ಮಳೆ

ಹೂ ಬಿಟ್ಟ ಮರ ನೋಡಲು ವಾರಿಜಾ ಪಾರ್ಕಿಗೆ ಬಂದಿದ್ದಳು. ಅವಳ ಚೀಲದಲ್ಲಿ ಮಡಚಿ ಬಿದ್ದಿದ್ದ ಕೊಡೆ, ಮೂಗಿನ ಮೇಲೆ ಕೂತಿದ್ದ ತಂಪು ಕನ್ನಡಕಕ್ಕೆ ಹೇಳಿತು: "ಹೂ ನೋಡುವ ಯೋಗ ಯಾವಾಗಲೂ ನಿನಗೇ. ನನಗೆ ಈ ಕತ್ತಲು."

"ಬಿಸಿಲಿದ್ದರೆ ನಾನು, ಮಳೆ ಬಂದರೆ ನೀನು. ನನ್ನ ತಪ್ಪೇನು?" ಎಂದಿತು ಕನ್ನಡಕ.

ಕೊಡೆ ಹೊಟ್ಟೆಯುರಿ ತಾಳಲಾರದೆ ಮೋಡವನ್ನು ಕೂಗಿತು: "ಈಗಲೇ ಸುರಿ!"

ಮಳೆ ಧೋ ಎಂದು ಸುರಿಯಿತು. ಕನ್ನಡಕ ಚೀಲ ಸೇರಿತು, ಕೊಡೆ ಬೀಗುತ್ತಾ ಬಿಚ್ಚಿಕೊಂಡಿತು. ಮಳೆಯ ಹೊಡೆತಕ್ಕೆ ಉದುರಿದ ಹೂಗಳು ಅದರ ಬೆನ್ನಿಗೆ ಅಂಟಿಕೊಂಡವು.

"ಅಬ್ಬಾ, ಆ ಕೊಡೆ ಎಷ್ಟು ಚೆಂದ!" ಎಂದರು ದಾರಿಯಲ್ಲಿದ್ದವರು.

ಚೀಲದೊಳಗಿನ ಕನ್ನಡಕ ಕರುಬುತ್ತಾ ಕೇಳಿತು: "ಹೂ ಹೇಗಿವೆ?"

ಕೊಡೆಗೆ ಕಾಣುತ್ತಿದ್ದುದು ವಾರಿಜಾಳ ಕೆಸರು ಚಪ್ಪಲಿ ಮಾತ್ರ. ಆದರೂ ಅದು ಹೇಳಿತು: "ನಿನಗೇಕೆ ಹೇಳಲಿ?"